ಚಟಪಟದ ಹೆಚ್ಚಿನಪಾಲು ಬರೀ ಕೊಳೆ

ಹಳೆಯ ಗ್ರಾಮಫೋನ್ ತಟ್ಟೆ ಎಂದಮೇಲೆ ಒಂದಿಷ್ಟು ಚಟಪಟ ಇದ್ದದ್ದೇ, ಅದೇ ಅದರ ಸೊಗಸು ಅನ್ನುವವರಿದ್ದಾರೆ. ಆ ಸೊಗಸಿನ ಬಹುಪಾಲು ಐವತ್ತು ವರ್ಷದ ಧೂಳು, ಬೆರಳಿನ ಜಿಡ್ಡು ಮತ್ತು ಬೂಷ್ಟು. ಅದನ್ನು ತೊಳೆದು, ಮುಳ್ಳನ್ನು ನೆಟ್ಟಗೆ ಕೂರಿಸಿ ಕೇಳಿದರೆ, 1960–70ರ ದಶಕಗಳಲ್ಲಿ ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಒತ್ತಿದ ತೀರಾ ಮಾಮೂಲಿ ಎಚ್‌ಎಂವಿ ಎಲ್‌ಪಿ (ಉದ್ದ ಅವಧಿಯ 12 ಇಂಚಿನ ತಟ್ಟೆ) ಕೂಡ, ಇವತ್ತು ಸಾವಿರಾರು ರೂಪಾಯಿ ಕೊಟ್ಟು ತರುವ ಮರುಮುದ್ರಣದ ಪಕ್ಕದಲ್ಲಿ ಧೈರ್ಯವಾಗಿ ನಿಲ್ಲುತ್ತದೆ. ಎಲ್ಲ ತಟ್ಟೆಗಳೂ ಹಾಗಲ್ಲ. ಯಾವುವು ಹಾಗೆ, ಯಾಕೆ ಹಾಗೆ, ಅವುಗಳಿಂದ ಸದ್ದು ಹೊರಡಿಸಲು ಏನು ಮಾಡಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ತೂಕದ ಮಾತು ಮುಗಿಸಿಬಿಡೋಣ. ಹೊಸ ತಟ್ಟೆಗಳ ಕವರಿನ ಮೇಲೆ 180 ಗ್ರಾಂ ಎಂದು ಬಂಗಾರದ ಅಂಟುಚೀಟಿ ಹಚ್ಚಿರುತ್ತಾರೆ. ಹಳೆಯ ಸಾಧಾರಣ ಎಲ್‌ಪಿ 120ರಿಂದ 140 ಗ್ರಾಂ ತೂಗುತ್ತದೆ. ಮುಳ್ಳು ಓಡುವ ಸುರುಳಿ ಕಾಲುವೆಯ, ಅಂದರೆ ಗ್ರೂವ್‌ನ, ಅಗಲ ಒಂದು ಕೂದಲೆಳೆಯಷ್ಟು, ಆಳ ಅದಕ್ಕಿಂತ ಕಡಿಮೆ. ಅದರ ಕೆಳಗೆ ಒಂದೂವರೆ ಮಿಲಿಮೀಟರ್ ಪ್ಲಾಸ್ಟಿಕ್ ಇದ್ದರೇನು, ಎರಡು ಇದ್ದರೇನು? ದಪ್ಪ ತಟ್ಟೆ ಬೇಗ ಸೊಟ್ಟಗಾಗದಿರಬಹುದು, ಕೈಗೆ ಗಟ್ಟಿಯಾಗಿ ಸಿಗುತ್ತದೆ, ಅಷ್ಟೇ. ಸದ್ದನ್ನು ತೀರ್ಮಾನಿಸುವುದು ಬೇರೆ ಸಂಗತಿಗಳು: ಧ್ವನಿಮುದ್ರಣ ಹೇಗಿತ್ತು, ಮೂಲ ಟೇಪಿನಿಂದ ಎಷ್ಟನೇ ಪ್ರತಿ ತೆಗೆದು ಅಚ್ಚಿಗೆ ಗ್ರೂವ್ ಕತ್ತರಿಸಿದರು, ಒಂದು ಬದಿಗೆ ಎಷ್ಟು ನಿಮಿಷ ತುಂಬಿದರು, ಅಚ್ಚು ಎಷ್ಟು ಸವೆದಿದ್ದಾಗ ಒತ್ತಿದರು, ಆಮೇಲೆ ಮನೆಯವರು ಅದನ್ನು ಹೇಗೆ ನಡೆಸಿಕೊಂಡರು. ಹೊಸ ಮರುಮುದ್ರಣಗಳಲ್ಲಿ ಎಷ್ಟೋ ಡಿಜಿಟಲ್ ಫೈಲಿನಿಂದಲೇ ಕತ್ತರಿಸಿದವು. ಆ ಫೈಲು ಚೆನ್ನಾಗಿದ್ದರೆ ತಟ್ಟೆಯೂ ಚೆನ್ನ. ಸದ್ದನ್ನು ಒತ್ತಿ ಹಿಗ್ಗಿಸಿದ ಫೈಲಾಗಿದ್ದರೆ 180 ಗ್ರಾಂ ಏನೂ ಉಳಿಸಲಾರದು.

ನಮ್ಮ ಶಾಸ್ತ್ರೀಯ ಸಂಗೀತದ ಎಲ್‌ಪಿಗಳು ಅನಿರೀಕ್ಷಿತವಾಗಿ ಚೆನ್ನಾಗಿ ಕೇಳಿಸುವುದಕ್ಕೆ ಕಾರಣ ಬಹಳ ಸರಳ. ಒಂದು ಕಂಠ, ಒಂದು ಹಾರ್ಮೋನಿಯಂ ಅಥವಾ ಪಿಟೀಲು, ಒಂದು ತಬಲಾ ಅಥವಾ ಮೃದಂಗ, ಹಿಂದೆ ತಂಬೂರಿ. ಕೆಲವೇ ಮೈಕು, ಟೇಪಿನ ಮೇಲೆ ಟೇಪು ಹಾಕಿ ಕೂಡಿಸಿದ ಪದರಗಳಿಲ್ಲ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರ ಆ ಕಾಲದ ತಟ್ಟೆಗಳಲ್ಲಿ ಕಂಠ ಸ್ಪೀಕರಿನ ಮುಂದೆ ಬಂದು ಕೂತಂತಿರುವುದಕ್ಕೆ ಈ ಬಡತನವೇ ಕಾರಣ. ವೈನಿಲ್‌ಗೆ (ಈ ಪ್ಲಾಸ್ಟಿಕ್ ತಟ್ಟೆಗೆ) ಕಷ್ಟವಾಗುವುದು ತೀರಾ ತಗ್ಗಿನ ಬಾಸ್ ಮತ್ತು ಚೂಪಾದ, ಜೋರಾದ ತಾರಸದ್ದು. ಖಯಾಲ್‌ನಲ್ಲೋ ಕೃತಿಯಲ್ಲೋ ಅವೆರಡೂ ಮಿತಿಯಲ್ಲೇ ಇರುತ್ತವೆ. ಮೇಲಾಗಿ ತಂಬೂರಿ ಒಂದು ಉಪಕಾರ ಮಾಡುತ್ತದೆ: ಸ್ವರಗಳ ನಡುವಿನ ಮೌನವನ್ನು ಅದು ತುಂಬಿಕೊಂಡಿರುವುದರಿಂದ ತಟ್ಟೆಯ ಸಣ್ಣ ಸುಯ್ಯೆನ್ನುವ ಸದ್ದು ಅದರ ಕೆಳಗೆ ಮುಚ್ಚಿಹೋಗುತ್ತದೆ. ಪಿಯಾನೋ ತಟ್ಟೆಯಲ್ಲಿ ಸಹಿಸಲಾಗದ ಮಟ್ಟದ ಗಲಾಟೆ ಖಯಾಲ್ ತಟ್ಟೆಯಲ್ಲಿ ಗಮನಕ್ಕೇ ಬರುವುದಿಲ್ಲ. ವೀಣೆಯ ತಾನ, ಆಲಾಪದ ಮೊದಲ ನಿಮಿಷ — ಇವು ಮಾತ್ರ ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ. ತಟ್ಟೆ ಪರೀಕ್ಷಿಸಬೇಕಾದರೆ ಅಲ್ಲಿಂದಲೇ ಶುರುಮಾಡಿ.

ತೊಂದರೆ ಒಂದೇ, ಬದಿಯ ಉದ್ದ. ಒಂದು ಬದಿಗೆ 18–20 ನಿಮಿಷ ಇದ್ದರೆ ಕತ್ತರಿಸುವವನಿಗೆ ಕೈ ಸಡಿಲ ಇರುತ್ತದೆ. 25 ದಾಟಿದರೆ ಗ್ರೂವ್‌ಗಳನ್ನು ಒತ್ತೊತ್ತಾಗಿ ಸೇರಿಸಬೇಕು, ಅದಕ್ಕೆ ಸದ್ದಿನ ಮಟ್ಟ ಇಳಿಸಬೇಕು, ಬಾಸ್ ಕಡಿಮೆ ಮಾಡಬೇಕು. ನೀವು ಮನೆಯಲ್ಲಿ ವಾಲ್ಯೂಮ್ ಏರಿಸುತ್ತೀರಿ, ಜೊತೆಗೆ ಚಟಪಟವೂ ಏರುತ್ತದೆ. ಎರಡು ತಟ್ಟೆಗಳ ನಡುವೆ ಆಯ್ಕೆ ಇದ್ದರೆ ಕವರಿನ ಹಿಂಬದಿಯಲ್ಲಿ ಅವಧಿ ನೋಡಿ. ಅಚ್ಚಾಗಿಲ್ಲದಿದ್ದರೆ ತಟ್ಟೆಯನ್ನೇ ನೋಡಿ: ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿದ ನುಣುಪು ಜಾಗ ಅಗಲವಾಗಿದ್ದಷ್ಟೂ ಒಳ್ಳೆಯದು.

ಆ ನುಣುಪು ಜಾಗ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. 12 ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಸರಿಯುತ್ತದೆ. ಒಳಗೆ, ಲೇಬಲ್ಲಿನ ಹತ್ತಿರ, ಸುಮಾರು 21 ಸೆಂಟಿಮೀಟರ್ ಮಾತ್ರ. 10,000 ಹರ್ಟ್ಸ್‌ನ ಒಂದು ಅಲೆಗೆ ಹೊರಗೆ 51 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜಾಗ ಸಿಕ್ಕರೆ ಒಳಗೆ ಸಿಗುವುದು 21 ಮೈಕ್ರಾನ್. ಗುಂಡುಮೊನೆಯ ಸಾಮಾನ್ಯ ಮುಳ್ಳಿನ ತ್ರಿಜ್ಯವೇ 18 ಮೈಕ್ರಾನ್, ಅಂದರೆ ಅಗಲ 36. ಅಷ್ಟು ದಪ್ಪದ ಮೊನೆ ಅಷ್ಟು ಕಿರಿದಾದ ತಿರುವಿನೊಳಗೆ ಇಳಿಯಲಾರದು. ಮೇಲೆಮೇಲೇ ಉಜ್ಜಿಕೊಂಡು ಹೋಗುತ್ತದೆ. ಅದರ ಫಲವಾಗಿ ಬದಿಯ ಕೊನೆಯ ಹಾಡಿನಲ್ಲಿ ಸ, ಶ, ಚ ಬಂದಲ್ಲೆಲ್ಲ ಕರ್ಕಶ. ಎಸ್. ಜಾನಕಿಯವರ ಮೇಲಿನ ಸ್ಥಾಯಿ ಒಳಗಿನ ಗ್ರೂವ್‌ನಲ್ಲಿ ಸೀಳಿದರೆ ಅದಕ್ಕೆ ಹಾಡಿದವರು ಹೊಣೆಯಲ್ಲ, ಬಹುಮಟ್ಟಿಗೆ ತಟ್ಟೆಯೂ ಹೊಣೆಯಲ್ಲ. ಮೊನೆ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಕನ್ನಡ ಚಿತ್ರಗೀತೆಗಳ ಸಣ್ಣ ಇಪಿಗಳಿಗೆ ಬೇರೆ ಲೆಕ್ಕ. 7 ಇಂಚು, 45 ಸುತ್ತು, ಬದಿಗೆ ಎರಡು ಹಾಡು. ಶುರುವಿನಲ್ಲಿ ವೇಗ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್, ಕೊನೆಯಲ್ಲಿ 25. ಎಲ್‌ಪಿಯ ಕೊನೆಯ ಹಾಡಿಗಿಂತ ಇಪಿಯ ಮೊದಲ ಹಾಡಿಗೆ ಹೆಚ್ಚುಕಡಿಮೆ ಎರಡರಷ್ಟು ಜಾಗ. ಆದರೆ ಬದಿಗೆ ಆರೇಳು ನಿಮಿಷ ತುರುಕಿರುವುದರಿಂದ ಮಟ್ಟ ತುಸು ತಗ್ಗಿಸಿರುತ್ತಾರೆ. ಹಾಗಾಗಿ ಇಪಿಯಲ್ಲಿ ಪ್ರತಿ ಬದಿಯ ಮೊದಲ ಹಾಡು ಚೆನ್ನ, ಎರಡನೆಯದು ಒಂದು ಕೈ ಕಡಿಮೆ. ಪಿ.ಬಿ. ಶ್ರೀನಿವಾಸ್ ಕಾಲದ ಹಾಡುಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ, ಗಾಯಕರೂ ವಾದ್ಯದವರೂ ಒಟ್ಟಿಗೆ ಕೂತು ಮಾನೋದಲ್ಲಿ (ಎಲ್ಲ ಸದ್ದೂ ಒಂದೇ ಚಾನೆಲ್ಲಿನಲ್ಲಿ) ಮುದ್ರಿಸಿದವು. ಆ ಒಟ್ಟಿಗೆ ಕೂತ ಸದ್ದು ಒಳ್ಳೆಯ ಇಪಿಯಲ್ಲಿ ಇನ್ನೂ ಇದೆ. ಅದೇ ಹಾಡನ್ನು ಆಮೇಲೆ ಸ್ಟೀರಿಯೋ ಎಂದು ಹಿಗ್ಗಿಸಿ, ಒಂದು ಕಿವಿಗೆ ಬಾಸ್, ಇನ್ನೊಂದಕ್ಕೆ ಟ್ರೆಬಲ್ ಹಂಚಿದ ಆವೃತ್ತಿ ಸಿಕ್ಕರೆ ಕೊಳ್ಳಲು ಹಿಂದೆಮುಂದೆ ನೋಡಿ.

ಮಾನೋ, ಸ್ಟೀರಿಯೋ ಗುರುತಿಸುವುದು ಸುಲಭ. ಎಚ್‌ಎಂವಿ ಎಲ್‌ಪಿಗಳಲ್ಲಿ ಇಸಿಎಲ್‌ಪಿ, ಇಎಎಲ್‌ಪಿ ಎಂದು ಶುರುವಾಗುವ ಸಂಖ್ಯೆಗಳು ಮಾನೋ. ಇಸಿಎಸ್‌ಡಿ, ಇಎಎಸ್‌ಡಿ ಸ್ಟೀರಿಯೋ. ಅಂಗಡಿಯವರು ಸ್ಟೀರಿಯೋಗೆ ಹೆಚ್ಚು ಬೆಲೆ ಹೇಳುತ್ತಾರೆ. ಕಂಠಸಂಗೀತಕ್ಕೆ ಮಾನೋ ತೆಗೆದುಕೊಂಡರೆ ಏನೂ ನಷ್ಟವಿಲ್ಲ, ಕೆಲವೊಮ್ಮೆ ಲಾಭವೇ. ಯಾಕೆಂದು ಮುಂದೆ ಹೇಳುತ್ತೇನೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಚಿಕ್ಕಪೇಟೆಯ ಕಡೆಯ ಸಂಡೇ ಬಜಾರಿನಲ್ಲೋ ತಟ್ಟೆ ಆರಿಸುವಾಗ ಮೊಬೈಲ್ ಟಾರ್ಚು ಸಾಕು. ಮೇಲಿಂದ ನೇರ ಬೆಳಕು ಬಿಟ್ಟರೆ ಎಲ್ಲ ತಟ್ಟೆಗಳೂ ಹೊಳೆಯುತ್ತವೆ. ಬೆಳಕನ್ನು ಓರೆಯಾಗಿ, ಅಂಚಿನ ಮಟ್ಟದಿಂದ ಹಾಯಿಸಿ. ನವಿರಾದ, ಬೆರಳಿಗೆ ಸಿಗದ ಗೆರೆಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅವು ಕವರಿನಿಂದ ಎಳೆದು ತುರುಕಿ ಆದವು, ಗ್ರೂವ್‌ನ ತುಟಿ ಮಾತ್ರ ತಾಗಿರುತ್ತವೆ. ಉಗುರಿಗೆ ತಡೆಯುವ ಗೀರು ಮಾತ್ರ ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ. ಗ್ರೂವ್‌ಗೆ ಅಡ್ಡವಾಗಿರುವ ಗೀರಿಗಿಂತ ಗ್ರೂವ್ ಜೊತೆಗೇ ಓರೆಯಾಗಿ ಸಾಗುವ ಗೀರು ಕೆಟ್ಟದ್ದು, ಮುಳ್ಳು ಅದರಲ್ಲಿ ಸಿಕ್ಕಿ ಒಂದೇ ಕಡೆ ಸುತ್ತುತ್ತದೆ. ಇದಕ್ಕಿಂತ ಅಪಾಯದ್ದು ಸವೆತ. ಜೋರಾಗಿ ಹಾಡಿದ ಭಾಗ ಕಪ್ಪಗೆ ಹೊಳೆಯುವ ಬದಲು ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ ಆ ತಟ್ಟೆ ಭಾರದ ಮುಳ್ಳಿನಡಿ ನೂರಾರು ಸಲ ಓಡಿದೆ. ಆ ಕಾಲದ ಪೆಟ್ಟಿಗೆ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳು ಹೊತ್ತು ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಪೆಟ್ಟಿಗೆ) ಐದಾರು ಗ್ರಾಂ ಒತ್ತುತ್ತಿತ್ತು, ನೀಲಮಣಿಯ ಮುಳ್ಳು ಸವೆದು ಚೂಪಾದರೂ ಯಾರೂ ಬದಲಿಸುತ್ತಿರಲಿಲ್ಲ. ಹಾಗೆ ಕೊರೆದುಹೋದದ್ದನ್ನು ಯಾವ ತೊಳೆತವೂ ಮರಳಿ ತರದು. ಲೇಬಲ್ಲಿನ ನಡುತೂತಿನ ಸುತ್ತ ನೋಡಿ: ಕಂಬ ಹುಡುಕಿ ತಟ್ಟೆಯನ್ನು ಸವರಿದ ಗೆರೆಗಳು ಜೇಡರ ಬಲೆಯಂತಿದ್ದರೆ ಬಹಳ ಸಲ ಓಡಿದೆ ಎಂದರ್ಥ. ಚಿತ್ರಗೀತೆ ಇಪಿಗಳು ಮದುವೆ ಮನೆ, ಗಣೇಶನ ಪೆಂಡಾಲು ಸುತ್ತಿ ಬಂದವು. ಶಾಸ್ತ್ರೀಯ ಎಲ್‌ಪಿಗಳು ಹೆಚ್ಚಾಗಿ ಬೀರುವಿನಲ್ಲೇ ಇದ್ದವು. ಒಂದೇ ಬೆಲೆಗೆ ಯಾವುದು ಚೆನ್ನಾಗಿ ಉಳಿದಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಜನಪ್ರಿಯ ಹಾಡು ಎ ಬದಿಯಲ್ಲಿದ್ದರೆ ಬಿ ಬದಿ ಹೊಸದರಂತೆ ಇರುವುದೂ ಉಂಟು.

ಈಗ ತೊಳೆಯುವುದು. ಇದರಲ್ಲಿ ಮಾಡುವ ಎಡವಟ್ಟು ಹೆಚ್ಚು, ಆದ್ದರಿಂದ ನಿಧಾನವಾಗಿ.

ಒಂದು ಲೀಟರ್ ದ್ರಾವಣಕ್ಕೆ 850 ಮಿಲಿ ಡಿಸ್ಟಿಲ್ಡ್ ನೀರು, 150 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್ (99 ಶೇಕಡಾದ್ದು, ಬಣ್ಣ–ಸುಗಂಧ ಬೆರೆಸದ್ದು), ಮೂರು ನಾಲ್ಕು ಹನಿ ಫೋಟೋ ತೊಳೆಯುವವರು ಬಳಸುವ ವೆಟಿಂಗ್ ಏಜೆಂಟ್. ಅದು ಸಿಗದಿದ್ದರೆ ಬಣ್ಣವಿಲ್ಲದ ಪಾತ್ರೆ ತೊಳೆಯುವ ದ್ರವ ಎರಡು ಹನಿ. ಹನಿಯ ಕೆಲಸ ನೀರಿನ ಬಿಗುವು ಕಡಿಮೆ ಮಾಡಿ ಅದನ್ನು ಗ್ರೂವ್‌ನೊಳಗೆ ಇಳಿಸುವುದು. ಹೆಚ್ಚು ಹಾಕಿದರೆ ಅದೇ ಒಣಗಿ ಹೊಸ ಕೊಳೆಯಾಗುತ್ತದೆ. ಬ್ಯಾಟರಿಗೆ ಹಾಕುವ ಸೀಲ್ ಮಾಡಿದ ಡಿಸ್ಟಿಲ್ಡ್ ನೀರು ಆಗುತ್ತದೆ, ಆಸಿಡ್ ಬೆರೆಸಿದ ಬ್ಯಾಟರಿ ದ್ರವ ಆಗದು, ಲೇಬಲ್ ಓದಿಕೊಳ್ಳಿ. ಆರ್‌ಒ ನೀರು ಕುಡಿಯಲು ಸರಿ, ಆದರೆ ಅದರಲ್ಲೂ ಲವಣ ಉಳಿದಿರುತ್ತದೆ. ಬೋರ್‌ವೆಲ್ ನೀರಿನ ಮಾತೇ ಬೇಡ: ಸ್ನಾನದ ಬಕೆಟ್ಟಿನ ಒಳಗೆ ಕಟ್ಟುವ ಬಿಳಿ ಪದರ ನಿಮ್ಮ ತಟ್ಟೆಯ ಗ್ರೂವ್‌ನಲ್ಲೂ ಕಟ್ಟುತ್ತದೆ. ನಲ್ಲಿ ನೀರಿನಲ್ಲಿ ತೊಳೆದ ಮೇಲೆ ಚಟಪಟ ಹೆಚ್ಚಾಯಿತು ಎಂದು ದೂರುವವರ ತಟ್ಟೆಯಲ್ಲಿ ಕೇಳಿಸುತ್ತಿರುವುದು ಇದೇ. ಆಲ್ಕೊಹಾಲ್ ಬೆಂಕಿ ಹಿಡಿಯುವ ವಸ್ತು, ಒಲೆ ಉರಿಯುವ ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಇನ್ನೊಂದು ಮಾತು, ಈ ದ್ರಾವಣ ವೈನಿಲ್‌ಗೆ ಮಾತ್ರ. ನಿಮಿಷಕ್ಕೆ 78 ಸುತ್ತು ತಿರುಗುವ, ವೈನಿಲ್‌ಗೂ ಹಳೆಯದಾದ ಅರಗಿನ ತಟ್ಟೆಗೆ ಆಲ್ಕೊಹಾಲ್ ತಾಗಿದರೆ ಮೇಲ್ಮೈ ಕರಗಿ ತಟ್ಟೆಯೇ ಹೋಗುತ್ತದೆ. ಅವುಗಳಿಗೆ ನೀರು ಮತ್ತು ಒಂದು ಹನಿ ಸೋಪು ಮಾತ್ರ, ಅದೂ ತೊಳೆದ ತಕ್ಷಣ ಒರೆಸಿಬಿಡಬೇಕು.

ತಟ್ಟೆಯನ್ನು ಪ್ಲೇಯರಿನ ಮೇಲಿಟ್ಟು ಉಜ್ಜಬೇಡಿ, ಬೇರಿಂಗ್ ಹಾಳಾಗುತ್ತದೆ. ಮೇಜಿನ ಮೇಲೆ ದಪ್ಪ ಟರ್ಕಿ ಟವೆಲ್ ಹಾಸಿ ಅದರ ಮೇಲಿಡಿ. ಲೇಬಲ್ ಒದ್ದೆಯಾದರೆ ಬಣ್ಣ ಬಿಡುತ್ತದೆ, ಕಾಗದ ಉಬ್ಬುತ್ತದೆ. 10 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಕವುಚಿ ಮೇಲಿಟ್ಟು ಒಂದು ಕೈಯಲ್ಲಿ ಒತ್ತಿಹಿಡಿದರೆ ಸಾಕು. ಮೊದಲು ಒಣ ಬ್ರಷ್ಷಿನಿಂದ ಸಡಿಲ ಧೂಳು ತೆಗೆಯಿರಿ, ಇಲ್ಲದಿದ್ದರೆ ಮರಳಿನ ಕಣ ಒದ್ದೆಯಾಗಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಆಮೇಲೆ 15–20 ಮಿಲಿ ದ್ರಾವಣ ಸುರಿದು, ಮೃದುವಾದ ಮೇಕೆ ಕೂದಲ ಬ್ರಷ್ಷಿನಿಂದ ಗ್ರೂವ್‌ನ ದಿಕ್ಕಿನಲ್ಲೇ ಹತ್ತು ಸುತ್ತು ಮುಂದೆ, ಹತ್ತು ಸುತ್ತು ಹಿಂದೆ. ಅಡ್ಡಡ್ಡ ಉಜ್ಜಿದರೆ ಕೊಳೆ ಒಂದು ಗ್ರೂವ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಬೂಷ್ಟು ಹಿಡಿದಿದ್ದರೆ ಎರಡು ನಿಮಿಷ ನೆನೆಯಲು ಬಿಟ್ಟು ಮತ್ತೆ ಉಜ್ಜಿ. ನಂತರ ಮೈಕ್ರೋಫೈಬರ್ ಬಟ್ಟೆಯಲ್ಲಿ ದ್ರವವನ್ನೆಲ್ಲ ಹೀರಿ ತೆಗೆಯಿರಿ. ಒಣಗಲು ಬಿಟ್ಟರೆ ಕರಗಿದ ಕೊಳೆ ಅಲ್ಲೇ ಕೂರುತ್ತದೆ. ಆಮೇಲೆ ಬರೀ ಡಿಸ್ಟಿಲ್ಡ್ ನೀರು ಹಾಕಿ ಎರಡು ಸಲ ಅದೇ ಕ್ರಮ, ಎರಡನೆಯ ಸಲಕ್ಕೆ ಬೇರೆ ಬಟ್ಟೆ. ಈ ಕೊನೆಯ ಎರಡು ಹಂತ ಬಿಡುವವರೇ ಹೆಚ್ಚು. ಬಿಟ್ಟರೆ ಮುಳ್ಳಿನ ಮೊನೆಗೆ ಬಿಳಿ ನಾರಿನಂಥ ಕಸ ಸುತ್ತಿಕೊಳ್ಳುತ್ತದೆ, ಹತ್ತು ನಿಮಿಷದಲ್ಲಿ ಸದ್ದು ಮಬ್ಬಾಗುತ್ತದೆ. ತಟ್ಟೆಯನ್ನು ಪಾತ್ರೆ ಸ್ಟ್ಯಾಂಡಿನಲ್ಲಿ ನೇರವಾಗಿ ನಿಲ್ಲಿಸಿ, ಫ್ಯಾನ್ ಆರಿಸಿ, ನೆರಳಿನಲ್ಲಿ ಒಂದೆರಡು ಗಂಟೆ ಒಣಗಿಸಿ. ಬಿಸಿಲಿಗೆ ಇಟ್ಟರೆ ಹಪ್ಪಳ ಆಗುತ್ತದೆ.

ಫೆವಿಕಾಲ್ ಬಳಿದು, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿಯುವ ವಿದ್ಯೆ ಒಂದಿದೆ. ಕೊಳೆ ಬರುವುದು ನಿಜ. ಪದರ ತೆಳುವಾದಲ್ಲಿ ಹರಿದು ಚೂರು ಗ್ರೂವ್‌ನಲ್ಲೇ ಉಳಿಯುವುದೂ ಅಷ್ಟೇ ನಿಜ. ಎಸೆಯಲು ಸಿದ್ಧವಾದ ತಟ್ಟೆಗೆ ಮಾಡಿ ನೋಡಬಹುದು, ಬೇರೆಯದಕ್ಕೆ ಬೇಡ.

ತೊಳೆದ ಮೇಲೂ ಉಳಿದ ಸದ್ದು ಯಾವುದರದು ಎಂದು ಕಿವಿಯಿಂದಲೇ ಹೇಳಬಹುದು. ಎಲ್‌ಪಿ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಟಕ್ ಸದ್ದು ಆ ಲಯದಲ್ಲಿ ಕೆಲವು ಸುತ್ತು ಬಂದು ಹೋದರೆ ಅದು ಗೀರು. ಪ್ರತಿ ಸಲ ಹಾಕಿದಾಗಲೂ ಬೇರೆ ಬೇರೆ ಜಾಗದಲ್ಲಿ ಚಿಟಿಕೆ ಹೊಡೆದಂತೆ ಬಂದರೆ ಅದು ಸ್ಥಾಯಿ ವಿದ್ಯುತ್ತು — ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಯಲುಸೀಮೆಯ ಒಣ ಹವೆಯಲ್ಲಿ ಇದು ಜಾಸ್ತಿ; ಕಾರ್ಬನ್ ಫೈಬರ್ ಬ್ರಷ್ಷಿನಿಂದ ಒಂದು ಸುತ್ತು ಸವರಿದರೆ ಇಳಿಯುತ್ತದೆ. ಅದೇ ಜಾಗದಲ್ಲಿ ಸಣ್ಣಗೆ ಚಟಚಟ ಎಂದು, ಮರುತೊಳೆತಕ್ಕೆ ಕಡಿಮೆಯಾದರೆ ಕೊಳೆ. ಸದ್ದು ಜೋರಾದಾಗ ಮಾತ್ರ ಕಂಠದ ಅಂಚು ಹರಿದಂತೆ ಕರಕರ ಎಂದರೆ ಸವೆತ, ಅಥವಾ ನಿಮ್ಮ ಮುಳ್ಳೇ ಹಾಳಾಗಿದೆ. ಚೆನ್ನಾಗಿದೆ ಎಂದು ಖಾತ್ರಿಯಿರುವ ಇನ್ನೊಂದು ತಟ್ಟೆ ಹಾಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಮುಳ್ಳಿನ ಮೇಲೆ ಹಾಕಿದ ದುಡ್ಡು ತಟ್ಟೆಯ ಮೇಲೆ ಹಾಕಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಗುಂಡುಮೊನೆಯ ಬದಲು ಅಂಡಾಕಾರದ ಮೊನೆ ಹಾಕಿದರೆ ಬದಿಯ ತ್ರಿಜ್ಯ 18ರಿಂದ ಸುಮಾರು 8 ಮೈಕ್ರಾನ್‌ಗೆ ಇಳಿಯುತ್ತದೆ, ಮೇಲೆ ಹೇಳಿದ ಒಳ ಗ್ರೂವ್‌ನ ಕರ್ಕಶ ಅಲ್ಲೇ ಅರ್ಧ ಹೋಗುತ್ತದೆ. ಮೈಕ್ರೋಲೈನ್‌ನಂಥ ಇನ್ನೂ ಸೂಕ್ಷ್ಮ ಮೊನೆ ಗ್ರೂವ್‌ನ ಗೋಡೆಯನ್ನು ಮೇಲಿನಿಂದ ಕೆಳಗೆ ಉದ್ದಕ್ಕೂ ತಾಗುತ್ತದೆ. ಹಳೆಯ ಗುಂಡುಮುಳ್ಳು ಸವೆಸಿದ ಪಟ್ಟಿಯಾಚೆಗಿನ ಹೊಸ ಗೋಡೆ ಅದಕ್ಕೆ ಸಿಗುವುದರಿಂದ, ಕೆಲವು ಸವೆದ ತಟ್ಟೆಗಳು ಅಚ್ಚರಿಯಾಗುವಷ್ಟು ಚೇತರಿಸಿಕೊಳ್ಳುತ್ತವೆ. ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95 ಕಾರ್ಟ್ರಿಜ್ ಸರಣಿಯ ಅನುಕೂಲ ಏನೆಂದರೆ ಮೈ ಒಂದೇ, ಮೊನೆ ಮಾತ್ರ ಕಿತ್ತು ಬದಲಿಸಬಹುದು: ಅಂಡಾಕಾರದ್ದು, ಮೈಕ್ರೋಲೈನ್, 78ರ ತಟ್ಟೆಗೆ ದಪ್ಪ ಮೊನೆಯದು. 78ಕ್ಕೆ ಎಲ್‌ಪಿ ಮುಳ್ಳು ಇಡಬೇಡಿ. ಆ ಗ್ರೂವ್ ಮೂರುಪಟ್ಟು ಅಗಲ, ಮುಳ್ಳು ತಳದ ಕಸದಲ್ಲಿ ಜಾರಾಡುತ್ತದೆ.

ಕೂರಿಸುವ ಕೆಲಸಕ್ಕೆ ಬೇಕಾದ್ದು 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಮಟ್ಟಗೋಲು, ಕಾರ್ಟ್ರಿಜ್ ನೇರ ಕೂತಿದೆಯೇ ಎಂದು ನೋಡುವ ಕಾಗದದ ಪ್ರೊಟ್ರಾಕ್ಟರ್. ಮುಳ್ಳಿನ ಭಾರ ಅಂಡಾಕಾರದ ಮೊನೆಯ ವಿಎಂ95ಇಗೆ 2.0 ಗ್ರಾಂ, ಆರ್ಟೊಫಾನ್ ಕಂಪನಿಯ 2ಎಂ ರೆಡ್ ಕಾರ್ಟ್ರಿಜ್‌ಗೆ 1.8 ಗ್ರಾಂ. ಭಾರ ಕಡಿಮೆ ಇಟ್ಟರೆ ತಟ್ಟೆ ಬಾಳುತ್ತದೆ ಎಂಬುದು ತಪ್ಪು ಲೆಕ್ಕ. ಹಗುರ ಮುಳ್ಳು ಜೋರು ಭಾಗದಲ್ಲಿ ಗೋಡೆ ಬಿಟ್ಟು ಹಾರಿ ಬಂದು ಬಡಿಯುತ್ತದೆ, ಹಾನಿ ಹೆಚ್ಚು. ಹೇಳಿದ ವ್ಯಾಪ್ತಿಯ ನಡುವಿನಿಂದ ಮೇಲಕ್ಕೆ ಇಡಿ. ಪ್ರೊಟ್ರಾಕ್ಟರ್ ಮುದ್ರಿಸುವಾಗ ಪ್ರಿಂಟರ್ ಅಳತೆ ಕುಗ್ಗಿಸುತ್ತದೆ, ನೂರು ಶೇಕಡಾ ಎಂದು ಒತ್ತಿ, ಸ್ಕೇಲಿನಿಂದ ಅಳೆದು ಖಾತ್ರಿ ಮಾಡಿಕೊಳ್ಳಿ. ಬೇರ್‌ವಾಲ್ಡ್ ಎಂಬ ಹೊಂದಾಣಿಕೆ ಕ್ರಮದಲ್ಲಿ ನಡುಗಂಬದಿಂದ 66.0 ಮತ್ತು 120.9 ಮಿಲಿಮೀಟರ್ ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗಳಿಗೆ ನೇರವಾಗಿರಬೇಕು. ಪೆಟ್ಟಿಗೆಯ ಅಂಚಿಗಿಂತ ಮುಳ್ಳು ಹೊತ್ತ ಸಣ್ಣ ಕೋಲನ್ನೇ ನೋಡಿ ಹೊಂದಿಸುವುದು ಮೇಲು. ಆಂಟಿಸ್ಕೇಟಿಂಗ್ (ಮುಳ್ಳು ಒಳಕ್ಕೆ ಎಳೆದುಕೊಂಡು ಹೋಗದಂತೆ ತಡೆಯುವ ಗುಂಡಿ) ಅನ್ನು ಭಾರದ ಅಂಕಿಗೆ ಸಮನಾಗಿಡಿ.

ತಟ್ಟೆಯಂತೆ ತಿರುಗಿಸಿ ವೇಗ ನೋಡುವ, ಗೆರೆಗಳಿರುವ ಸ್ಟ್ರೋಬ್ ಚಿತ್ರದಲ್ಲಿ ನಮ್ಮ 50 ಹರ್ಟ್ಸ್ ಕರೆಂಟಿಗೆ, 33⅓ ಸುತ್ತಿಗೆ, 180 ಗೆರೆ ಇರಬೇಕು. 216 ಗೆರೆ ಇದ್ದರೆ ಅದು 60 ಹರ್ಟ್ಸ್ ದೇಶದ್ದು, ಇಲ್ಲಿ ಕೆಲಸಕ್ಕೆ ಬಾರದು. ಈಗಿನ ಎಲ್‌ಇಡಿ ಬಲ್ಬಿನ ಕೆಳಗೆ ಗೆರೆಗಳು ಕಾಣದೆ ಕಲಸಿಹೋಗುತ್ತವೆ, ಅವುಗಳಲ್ಲಿ ಎಷ್ಟೋ ಮಿನುಗುವುದೇ ಇಲ್ಲ. ಕೋಣೆ ಕತ್ತಲು ಮಾಡಿ ಎಕ್ಸ್‌ಟೆನ್ಷನ್ ಪೆಟ್ಟಿಗೆಯ ಹಳೆಯ ಕೆಂಪು ನಿಯಾನ್ ಇಂಡಿಕೇಟರನ್ನು ಹತ್ತಿರ ಹಿಡಿದರೆ ಗೆರೆ ನಿಂತದ್ದು ಚೆನ್ನಾಗಿ ಕಾಣುತ್ತದೆ. ವೇಗ ಒಂದು ಶೇಕಡಾ ತಪ್ಪಿದರೆ ಶ್ರುತಿ 17 ಸೆಂಟ್ಸ್ (ಅರ್ಧಸ್ವರದ ನೂರರಲ್ಲಿ 17 ಪಾಲು) ಸರಿಯುತ್ತದೆ. ಜೊತೆಗೆ ಪಿಟೀಲು ನುಡಿಸಲು ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ಅಮೆರಿಕದಿಂದ ನೆಂಟರು ತಂದುಕೊಟ್ಟ ಹಳೆಯ ಬೆಲ್ಟ್ ಪ್ಲೇಯರಿನಲ್ಲಿ ಎಸಿ ಸಿಂಕ್ರೊನಸ್ ಮೋಟಾರ್ (ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲಿ ತಿರುಗುವುದು) ಇದ್ದರೆ ಇನ್ನೂ ದೊಡ್ಡ ಗಂಡಾಂತರ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, 50 ಹರ್ಟ್ಸನ್ನು 60 ಮಾಡುವುದಿಲ್ಲ. ತಟ್ಟೆ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ, ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದವರು ಬಿಳಿ ಒಂದಕ್ಕಿಂತಲೂ ತುಸು ಕೆಳಗೆ ಇಳಿಯುತ್ತಾರೆ. 50 ಹರ್ಟ್ಸ್‌ಗೆ ಮಾಡಿದ ದಪ್ಪ ಪುಲ್ಲಿ ಹಾಕಿಸಿಕೊಳ್ಳುವುದೇ ದಾರಿ.

ವೇಗ ಸರಿಯಿದ್ದೂ ತಂಬೂರಿ ಅಲ್ಲಾಡುತ್ತಿದ್ದರೆ ಟೋನ್‌ಆರ್ಮಿನ (ಮುಳ್ಳು ಹೊತ್ತ ತೋಳಿನ) ತಲೆ ನೋಡಿ. ಪ್ರತಿ ಸುತ್ತಿಗೆ ಅದು ಎಡಬಲ ಓಲಾಡುತ್ತಿದ್ದರೆ ನಡುತೂತು ನಡುವಿನಲ್ಲಿಲ್ಲ. ಅರ್ಧ ಮಿಲಿಮೀಟರ್ ತಪ್ಪಿದರೂ 10 ಸೆಂಟಿಮೀಟರ್ ತ್ರಿಜ್ಯದಲ್ಲಿ ಶ್ರುತಿ ಮೇಲಕ್ಕೂ ಕೆಳಕ್ಕೂ ಸುಮಾರು 9 ಸೆಂಟ್ಸ್ ಜಾರುತ್ತದೆ, ಒಳಕ್ಕೆ ಹೋದಷ್ಟೂ ಹೆಚ್ಚು. ಚಿತ್ರಗೀತೆಯಲ್ಲಿ ಇದು ಪತ್ತೆಯಾಗದೆ ಹೋಗಬಹುದು. ತಂಬೂರಿ, ಶಹನಾಯಿ, ಕೊಳಲಿನಲ್ಲಿ ಹೊಟ್ಟೆ ತೊಳಸುತ್ತದೆ. ಗುಂಡನೆಯ ಅರದಿಂದ ತೂತನ್ನು ಒಂದು ಬದಿಗೆ ತುಸು ಅಗಲಿಸಿ, ಆರ್ಮ್ ಅಲ್ಲಾಡದಂತೆ ಕೈಯಿಂದ ಹೊಂದಿಸಿ ನುಡಿಸಬಹುದು. ತಟ್ಟೆಯ ಬೆಲೆ ಬಾಳುವಂಥದ್ದಾದರೆ ಮಾತ್ರ ಈ ಶಸ್ತ್ರಕ್ರಿಯೆಗೆ ಕೈಹಾಕಿ. ಓಲಾಟ 1.8 ಸೆಕೆಂಡಿನ ಲಯದಲ್ಲಿ ಇಲ್ಲದಿದ್ದರೆ ತಟ್ಟೆಯನ್ನು ಬಿಟ್ಟು ಬೆಲ್ಟ್ ಬದಲಿಸಿ.

ಈಗ ಮಾನೋ ಲಾಭದ ವಿಷಯ. ಮಾನೋ ತಟ್ಟೆಯಲ್ಲಿ ಸಂಗೀತ ಮುಳ್ಳನ್ನು ಅಡ್ಡಡ್ಡ ಮಾತ್ರ ಅಲುಗಿಸುತ್ತದೆ. ಮೇಲೆಕೆಳಗೆ ಅಲುಗಾಟವೆಲ್ಲ ಕಸ, ಗೀರು, ಮೋಟಾರಿನ ಗುರುಗುರು. ಆಂಪ್ಲಿಫಯರಿನ ಮಾನೋ ಗುಂಡಿ ಒತ್ತಿದರೆ ಎರಡೂ ಚಾನೆಲ್ ಕೂಡಿ ಮೇಲೆಕೆಳಗಿನ ಸದ್ದು ಪರಸ್ಪರ ಕಳೆದುಹೋಗುತ್ತದೆ. ಇಸಿಎಲ್‌ಪಿ ತಟ್ಟೆಗೆ ಇದನ್ನು ಮಾಡಿ ನೋಡಿ, ಚಟಪಟ ಹಿಂದಕ್ಕೆ ಸರಿದು ಕಂಠ ನಡುವಿಗೆ ಬಂದು ಗಟ್ಟಿಯಾಗಿ ನಿಲ್ಲುತ್ತದೆ. ಗುಂಡಿ ಇಲ್ಲದ ಆಂಪ್ಲಿಫಯರಿನಲ್ಲಿ ಫೋನೋ ಸ್ಟೇಜಿನ (ಕಾರ್ಟ್ರಿಜ್‌ನ ಸಣ್ಣ ಸದ್ದನ್ನು ಹಿಗ್ಗಿಸುವ ಭಾಗದ) ಎರಡು ಔಟ್‌ಪುಟ್‌ಗಳನ್ನು ವೈ ಕೇಬಲ್ಲಿನಿಂದ ನೇರ ಜೋಡಿಸಬೇಡಿ, ಒಂದರ ಮೇಲೊಂದು ಹೊರೆ ಬೀಳುತ್ತದೆ. ಮೂವಿಂಗ್ ಮ್ಯಾಗ್ನೆಟ್ (ಮುಳ್ಳಿನ ಜೊತೆ ಪುಟ್ಟ ಅಯಸ್ಕಾಂತ ಅಲುಗುವ) ಕಾರ್ಟ್ರಿಜ್ ಆದರೆ ಪ್ಲೇಯರ್ ಮತ್ತು ಫೋನೋ ಸ್ಟೇಜಿನ ನಡುವೆ ಜೋಡಿಸಿದರೆ ತೊಂದರೆಯಿಲ್ಲ.

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಅದನ್ನು ಫೋನೋ ಎಂದು ಬರೆದ ತೂತಿಗೇ ಕೊಡಬೇಕು. ಕತ್ತರಿಸುವಾಗ ಆರ್‌ಐಎಎ ಎಂಬ ನಿಗದಿತ ಕ್ರಮದಂತೆ ಬಾಸ್ ಇಳಿಸಿ ಟ್ರೆಬಲ್ ಏರಿಸಿರುತ್ತಾರೆ, ಫೋನೋ ಸ್ಟೇಜು ಅದನ್ನು ತಿರುವಿ ಹಾಕುತ್ತದೆ. ಆಕ್ಸ್ ಎಂಬ ಮಾಮೂಲಿ ತೂತಿಗೆ ಕೊಟ್ಟರೆ ಸೊಳ್ಳೆ ಹಾಡಿದಂತೆ ತೆಳ್ಳಗೆ. ಪ್ಲೇಯರಿನೊಳಗೇ ಫೋನೋ ಸ್ಟೇಜು ಇದ್ದು ಮತ್ತೆ ಫೋನೋಗೆ ಕೊಟ್ಟರೆ ಗುಂಯ್‌ಗುಡುವ ಗೊಂದಲ. ಹಳೆಯ ಸೋನೋಡೈನ್, ಕಾಸ್ಮಿಕ್ ಆಂಪ್ಲಿಫಯರ್‌ಗಳ ಹಿಂದೆ ಸೆರಾಮಿಕ್ ಕಾರ್ಟ್ರಿಜ್‌ಗೆಂದು ಬೇರೆ ತೂತು ಇದ್ದರೆ ಅದಕ್ಕೂ ಇದಕ್ಕೂ ಅದಲುಬದಲು ಮಾಡಬೇಡಿ. ವಿಎಂ95ಕ್ಕೆ ಕೇಬಲ್ಲು ಸೇರಿ 100ರಿಂದ 200 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸರಿ. ಉದ್ದುದ್ದ ಅಗ್ಗದ ಕೇಬಲ್ಲು ಹಾಕಿ ಅದನ್ನು ಮೀರಿದರೆ ಸ, ಶ ಮತ್ತೆ ಚುಚ್ಚತೊಡಗುತ್ತವೆ, ಜನ ತಟ್ಟೆಯನ್ನು ಬೈಯುತ್ತಾರೆ. 50 ಹರ್ಟ್ಸ್‌ನ ಮೆದು ಗುಂಯ್ ಬಂದರೆ ಟೋನ್‌ಆರ್ಮಿನ ಅರ್ಥ್ ತಂತಿ ನೋಡಿ, 100 ಹರ್ಟ್ಸ್‌ನ ಒರಟು ಝೇಂಕಾರವಾದರೆ ಹಳೆಯ ಆಂಪ್ಲಿಫಯರಿನ ಪವರ್ ಸಪ್ಲೈ ಕೆಪಾಸಿಟರ್ ಒಣಗಿದೆ ಎಂದು ಅನುಮಾನಿಸಿ.

ಪ್ಲೇಯರನ್ನು ಸ್ಪೀಕರ್ ಇರುವ ಮೇಜಿನ ಮೇಲೇ ಇಟ್ಟರೆ ಮೇಲಿನದೆಲ್ಲ ವ್ಯರ್ಥ. ಗೋಡೆಗೆ ಹುದುಗಿಸಿದ ಕಡಪ ಕಲ್ಲಿನ ಶೆಲ್ಫ್ ನಮ್ಮ ಮನೆಗಳಲ್ಲಿ ಸಿಗುವ ಅತ್ಯುತ್ತಮ ಪೀಠ, ಕೆಳಗೆ ನಾಲ್ಕು ರಬ್ಬರ್ ಬಿಲ್ಲೆ ಕೊಡಿ. ಪರೀಕ್ಷೆಗೆ ಮೋಟಾರ್ ನಿಲ್ಲಿಸಿ, ಮುಳ್ಳನ್ನು ನಿಂತ ತಟ್ಟೆಯ ಮೇಲಿಟ್ಟು, ವಾಲ್ಯೂಮನ್ನು ಮೆಲ್ಲಗೆ ಏರಿಸುತ್ತ ಶೆಲ್ಫಿಗೆ ಬೆರಳಿನಿಂದ ತಟ್ಟಿ. ಸ್ಪೀಕರಿನಲ್ಲಿ ದಢ್ ಎಂದು ಕೇಳಿಸಿದರೆ ಇನ್ನೂ ಕೆಲಸ ಬಾಕಿ ಇದೆ. ಸೊಟ್ಟ ತಟ್ಟೆ ಹಾಕಿದಾಗ ವೂಫರ್ ಒಳಗೂ ಹೊರಗೂ ಉಸಿರಾಡುತ್ತಿದ್ದರೆ ಕಿವಿಗೆ ಕೇಳದಷ್ಟು ತಗ್ಗಿನ ಕಂಪನ ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕಿ, ಸಂಗೀತ ಏನೂ ಕಡಿಮೆಯಾಗುವುದಿಲ್ಲ.

ತೊಳೆದ ತಟ್ಟೆಯನ್ನು ಹಳೆಯ ಒಳಕವರಿಗೇ ಹಾಕಿದರೆ ಹಳೆಯ ಧೂಳು ಮರಳಿ ಅಂಟುತ್ತದೆ. ಹೊಸ ಪಾಲಿಥೀನ್ ಒಳಕವರು ಹಾಕಿ. ಹೊರಗೆ ರಕ್ಷಣೆಗೆಂದು ಕೆಲವರು ಹಾಕುವ ದಪ್ಪ, ವಾಸನೆಯ ಪಿವಿಸಿ ಕವರು ಬೇಡವೇ ಬೇಡ, ವರ್ಷಾನುಗಟ್ಟಲೆ ತಾಗಿಕೊಂಡಿದ್ದರೆ ತಟ್ಟೆಯ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಅದು ತೊಳೆದರೂ ಹೋಗದು. ಮಂಗಳೂರು, ಉಡುಪಿ, ಮಲೆನಾಡಿನವರು ಜೂನ್‌ಗೆ ಮೊದಲೇ ತಟ್ಟೆಗಳನ್ನು ಹೊರಗೋಡೆಗೆ ಒರಗಿದ ಕಪಾಟಿನಿಂದ ಒಳಗೋಡೆಯ ಕಪಾಟಿಗೆ ಬದಲಿಸಿ, ಸಿಲಿಕಾ ಜೆಲ್ ಇಟ್ಟು, ಬೂಷ್ಟು ಹಿಡಿದ ರಟ್ಟಿನ ಕವರುಗಳನ್ನು ಉಳಿದವುಗಳಿಂದ ದೂರ ಇಡಿ. ತಟ್ಟೆಗಳು ನೇರವಾಗಿ ನಿಂತಿರಲಿ. ಓರೆಯಾಗಿ ಒರಗಿದರೆ ಬಾಗುತ್ತವೆ, ಮಲಗಿಸಿ ಪೇರಿಸಿದರೆ ಅಡಿಯವು ನಜ್ಜಾಗುತ್ತವೆ.